ನಲವತ್ತೊಂದು ಅಂದರೆ ಪಾಸೋ ಫೇಲೋ?

2024ರ ಜುಲೈ ಮೊದಲ ವಾರ ಮಗಳ ಫಲಿತಾಂಶ ಬಂದ ದಿನ ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನ್ ಮಾಡಿ, ‘ನಲವತ್ತೊಂದು ಬಂತಮ್ಮಾ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹೋಗಲಿ ಬಿಡು, ಪಾಸಾಯ್ತಲ್ಲ. ಮಗೂನ ಬೈಬೇಡ’ ಎಂದರು. ಅಮ್ಮನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸು. ಮೊಮ್ಮಗಳು ಅದಕ್ಕಿಂತ ಆರು ಅಂಕ ಜಾಸ್ತಿಯೇ ತೆಗೆದಿದ್ದಳು!

ಬೇರೆ ದಿನವಾಗಿದ್ದರೆ ಮನೆಯವರೆಲ್ಲ ನಗುತ್ತಿದ್ದೆವು. ಅವತ್ತು ಯಾರಿಗೂ ನಗು ಬರಲಿಲ್ಲ.

ಮಗಳು ಓದಿದ್ದು ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಬಾಯಿಮಾತಿನಲ್ಲಿ ಐಬಿ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಪದ್ಧತಿ. ಆರು ವಿಷಯ, ಒಂದೊಂದಕ್ಕೆ 7 ಅಂಕ. ಒಂದು ದೀರ್ಘ ಪ್ರಬಂಧಕ್ಕೂ ಜ್ಞಾನದ ಸ್ವರೂಪ ಕುರಿತ ಒಂದು ಪಾಠಕ್ಕೂ ಸೇರಿ 3. ಒಟ್ಟು 45. ಜಗತ್ತಿನ ಸರಾಸರಿ 30ರ ಆಸುಪಾಸು. ಹಾಗೆ ನೋಡಿದರೆ 41 ಬೀಗಬೇಕಾದ ಅಂಕವೇ. ದುಬೈಯಲ್ಲಿ ಹತ್ತು ವರ್ಷ ಕಳೆದು ಬೆಂಗಳೂರಿಗೆ ಮರಳಿದಾಗ ಅವಳಿಗೆ ಎಂಟನೇ ತರಗತಿ. ರಾಜ್ಯದ ಪಠ್ಯಕ್ಕೆ ಹೊಂದಿಕೊಳ್ಳುವುದು ಕಷ್ಟವಾದೀತೆಂದು ಅಂಥ ಶಾಲೆಗೆ ಸೇರಿಸಿದ್ದೆವು.

ಅವಳಿಗೆ ಬ್ರಿಟನ್ನಿನಲ್ಲಿ ಅರ್ಥಶಾಸ್ತ್ರ ಓದುವ ಆಸೆ. ಅಲ್ಲಿ ಅರ್ಜಿ ಹೋಗುವುದು ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲು, ಯೂಕ್ಯಾಸ್ ಎಂಬ ಒಂದೇ ಸಂಸ್ಥೆಯ ಮೂಲಕ. ಶಾಲೆಯವರು ಮಕ್ಕಳಿಗೆ ಬರಬಹುದಾದ ಅಂಕವನ್ನು ಅಂದಾಜು ಮಾಡಿ ಕಳಿಸುತ್ತಾರೆ. ಮಗಳಿಗೆ 43 ಎಂದು ಬರೆದಿದ್ದರು. ಆ 43 ನೋಡಿದ್ದೇ ನನ್ನ ತಲೆ ತಿರುಗಿತು ಅನ್ನಬೇಕು. ಆಯ್ಕೆಗೆ ಅವಕಾಶ ಐದು. ಭಾನುವಾರ ಬೆಳಿಗ್ಗೆ ಕೂತು ರ‍್ಯಾಂಕಿಂಗ್ ಪಟ್ಟಿಯ ತುದಿಯಿಂದ ಐದು ಹೆಸರು ಬರೆದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಅರ್ಜಿ ಹಾಕುವಂತಿಲ್ಲ ಎಂದು ತಿಳಿದಾಗ ಯಾರೋ ಮೋಸ ಮಾಡಿದಷ್ಟು ಬೇಜಾರಾಯಿತು.

ಮಗಳ ದಾರಿ ಬೇರೆ. ಮೊದಲ ವರ್ಷ ಏನು ಪಾಠ, ಗಣಿತ ಎಷ್ಟು, ಇತಿಹಾಸ ಎಷ್ಟು ಎಂದು ಒಂದೊಂದು ವಿಭಾಗದ್ದೂ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅರ್ಥಶಾಸ್ತ್ರ ಎಂಬ ಒಂದೇ ಹೆಸರಿನಡಿ ಒಂದು ಕಡೆ ಮುಕ್ಕಾಲು ಪಾಲು ಗಣಿತ, ಇನ್ನೊಂದು ಕಡೆ ಸಮಾಜಶಾಸ್ತ್ರದ ನಂಟು. ಅರ್ಜಿಯ ಜೊತೆ ವಿದ್ಯಾರ್ಥಿ ತನ್ನ ಬಗ್ಗೆ ಬರೆಯುವ ಬರಹ ಒಂದೇ, ಐದೂ ಕಡೆಯವರು ಓದುವುದು ಅದನ್ನೇ. ಇಲ್ಲಿ ಅರ್ಥಶಾಸ್ತ್ರ, ಅಲ್ಲಿ ಕಾನೂನು ಎಂದು ಎರಡು ದೋಣಿಯಲ್ಲಿ ಕಾಲಿಟ್ಟರೆ ಸಿಕ್ಕಿಬೀಳುತ್ತಾರೆ. ಇನ್ನೂ ಒಂದು ಸಂಗತಿ ಹತ್ತನೇ ತರಗತಿ ಮುಗಿಸಿದ ಮಕ್ಕಳ ತಂದೆತಾಯಿ ಗಮನಿಸಬೇಕು. ಐಬಿಯಲ್ಲಿ ಗಣಿತಕ್ಕೇ ಎರಡು ಬಗೆಯ ಪಠ್ಯವಿದೆ. ಗಣಿತ ಹೆಚ್ಚಿರುವ ಕೋರ್ಸುಗಳಲ್ಲಿ ಬಹಳಷ್ಟು ‘ಅನಾಲಿಸಿಸ್ ಅಂಡ್ ಅಪ್ರೋಚಸ್’ ಎಂಬುದನ್ನೇ ಮೇಲಿನ ಹಂತದಲ್ಲಿ ಓದಿರಬೇಕೆಂದು ಕೇಳುತ್ತವೆ. ಹದಿನಾರನೇ ವಯಸ್ಸಿನಲ್ಲಿ ಬೇರೆಯದು ತೆಗೆದುಕೊಂಡರೆ ಆ ಬಾಗಿಲು ಅಲ್ಲಿಗೇ ಮುಚ್ಚಿದಂತೆ.

ಅವಳ ಪಟ್ಟಿಯ ಐದನೆಯ ಹೆಸರು ಗ್ಲಾಸ್ಗೋ. ‘ಇದ್ಯಾಕೆ?’ ಎಂದೆ. ‘ಅಪ್ಪಾ, ಆಡಂ ಸ್ಮಿತ್ ಓದಿದ್ದೂ ಅಲ್ಲೇ, ಪಾಠ ಮಾಡಿದ್ದೂ ಅಲ್ಲೇ’ ಎಂದಳು. ಆ ವಿಶ್ವವಿದ್ಯಾಲಯ 1451ರದ್ದು. ನನ್ನ ಅಜ್ಞಾನಕ್ಕೆ ನಾಚಿಕೆಯಾದರೂ ಪಟ್ಟು ಬಿಡಲಿಲ್ಲ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಗೆ ನಾಲ್ಕು ವರ್ಷ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು. ಒಂದು ವರ್ಷದ ಹೆಚ್ಚಿನ ಫೀಜು ಕಟ್ಟುವವನು ನಾನು ತಾನೆ? ಮೊದಲೆರಡು ವರ್ಷ ಬೇರೆ ವಿಷಯಗಳನ್ನೂ ಓದಬಹುದು, ಅದಕ್ಕೇ ಬೇಕು ಎಂದಳು.

ನಾಲ್ಕು ಕಡೆಯಿಂದ ಸೀಟು ಬಂತು. ಎಲ್ಲಕ್ಕೂ ‘ಇಷ್ಟು ಅಂಕ ಬಂದರೆ’ ಎಂಬ ಷರತ್ತು. ಅವುಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಬಹುದು, ಒಂದು ಮೊದಲ ಆಯ್ಕೆ, ಇನ್ನೊಂದು ಅದು ತಪ್ಪಿದರೆ ಇರಲಿ ಎಂದು. ಮೊದಲನೆಯದರ ಬಗ್ಗೆ ಜಗಳವಿರಲಿಲ್ಲ: ಒಟ್ಟು 39, ಗಣಿತದಲ್ಲಿ 7. ಎರಡನೆಯದಕ್ಕೆ ನಾನು ಹೇಳಿದ್ದು ಇನ್ನೊಂದು ದೊಡ್ಡ ಹೆಸರು. ಅದೂ ಗಣಿತದಲ್ಲಿ 7 ಕೇಳಿತ್ತು. ‘ಅಲ್ಲಿ ತಪ್ಪಿದರೆ ಇಲ್ಲೂ ತಪ್ಪತ್ತೆ. ಮತ್ತೆ ಎರಡನೆಯದು ಯಾತಕ್ಕೆ?’ ಎಂದಳು. ಒಂದು ವಾರ ನಾನು ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ‘ಓದೋಳು ಅವಳು, ನೀವಲ್ಲ’ ಎಂದು ಹೆಂಡತಿ ಹೇಳಿದ ಮೇಲೆ ಸುಮ್ಮನಾದೆ. ಗ್ಲಾಸ್ಗೋ ಉಳಿಯಿತು.

ಜುಲೈಯಲ್ಲಿ ಒಟ್ಟು 41, ಗಣಿತದಲ್ಲಿ 6. ಕೇಳಿದ್ದಕ್ಕಿಂತ ಒಟ್ಟು ಎರಡು ಅಂಕ ಹೆಚ್ಚೇ ಇದ್ದರೂ ಗಣಿತದ ಒಂದು ಅಂಕಕ್ಕೆ ಮೊದಲ ಆಯ್ಕೆ ಕೈತಪ್ಪಿತು. ಮರುಮೌಲ್ಯಮಾಪನ ಕೇಳೋಣವೆಂದೆ. ಅದರಲ್ಲಿ ಅಂಕ ಇಳಿಯಲೂಬಹುದು, ಬೇಡ ಎಂದಳು. ಎರಡು ದಿನ ಕೋಣೆಯಿಂದ ಹೆಚ್ಚು ಹೊರಗೆ ಬರಲಿಲ್ಲ. ‘ಇಲ್ಲೇ ಇಂಜಿನಿಯರಿಂಗೋ ಮೆಡಿಕಲ್ಲೋ ಸೇರಿಸಬಾರದಿತ್ತೆ?’ ಎಂದವರು ಕೆಲವರು. ಜೆಇಇ, ನೀಟ್ ಬರೆಯದ ಹುಡುಗಿಗೆ 41 ಬಂದರೂ ಅಲ್ಲಿ ನಡೆಯುವುದಿಲ್ಲವೆಂದು ಎಷ್ಟು ಜನಕ್ಕೆ ಹೇಳುವುದು? ನನಗಂತೂ ಬೇರೊಂದು ಯೋಚನೆ ಕಾಡುತ್ತಿತ್ತು. ನನ್ನ ಮಾತು ಕೇಳಿದ್ದರೆ ಅವತ್ತು ಅವಳ ಕೈಯಲ್ಲಿ ಒಂದು ಸೀಟೂ ಇರುತ್ತಿರಲಿಲ್ಲ. ಅದನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ.

ಆಮೇಲೆ ವೀಸಾದ ಓಡಾಟ. ಮೊದಲ ವರ್ಷದ ಫೀಜು, ಒಂಬತ್ತು ತಿಂಗಳ ಖರ್ಚಿನ ಹಣ 28 ದಿನ ಬ್ಯಾಂಕಿನಲ್ಲಿ ಅಲುಗಾಡದೆ ಇರಬೇಕು. ಅಷ್ಟೂ ದಿನ ಮನೆಯಲ್ಲಿ ಹೊಸ ಬಟ್ಟೆಯ ಸುದ್ದಿಯೇ ಇಲ್ಲ.

ಹೊರಡುವ ಮುಂಚೆ ಶಿವಮೊಗ್ಗಕ್ಕೆ ಹೋಗಿದ್ದೆವು. ಅಮ್ಮ ಹುಳಿಪುಡಿಯ ಡಬ್ಬಿ ಕಟ್ಟುತ್ತಾ, ‘ಆ ಊರಲ್ಲಿ ಮಳೆ ಜಾಸ್ತಿಯಂತಲ್ಲೇ?’ ಎಂದರು.

‘ಹೌದು ಅಜ್ಜಿ, ವರ್ಷವೆಲ್ಲಾ.’

‘ಆಗುಂಬೆಗಿಂತ್ಲೂ?’

ಮಗಳು ಮೊಬೈಲಿನಲ್ಲಿ ಹುಡುಕಿ ನೋಡಿದಳು. ‘ಇಲ್ಲ ಅಜ್ಜಿ, ಆಗುಂಬೇಲಿ ಬೀಳೋದರ ಕಾಲುಭಾಗವೂ ಇಲ್ಲ.’

‘ಅಷ್ಟೇನಾ!’ ಎಂದು ಅಮ್ಮ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು.