ಒಂದೂವರೆ ಮೊಳದ ನಂಬರು

ನವಲಗುಂದದ ಪೇಟೆಯಲ್ಲಿದ್ದ ಚಾಳೀಸಿನಂಗಡಿಗೆ ಹೆಸರಿನ ಬೋರ್ಡು ಇರಲಿಲ್ಲ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಎರಡು ದೊಡ್ಡ ಕಣ್ಣುಗಳೇ ಗುರುತು. ದೂರದ ಅಕ್ಷರ ಓದಿಸಲು 6 ಮೀಟರ್ ಅಂತರ ಬೇಕು, ಅಂಗಡಿ ಅಷ್ಟು ಉದ್ದವಿಲ್ಲ. ಅಂಗಡಿಯ ಅಜ್ಜಾರು ಅಕ್ಷರದ ಹಲಗೆಯನ್ನು ರಸ್ತೆಯಾಚೆಯ ಗೋಡೆಗೆ ತೂಗುಹಾಕಿದ್ದರು. ಚಕ್ಕಡಿ ಅಡ್ಡ ಬಂದರೆ ಅದು ದಾಟುವ ತನಕ ತಪಾಸಣೆ ನಿಲ್ಲುತ್ತಿತ್ತು.

ಬಂದವರನ್ನು ಅವರು ಮೊದಲು ಕೇಳುತ್ತಿದ್ದುದು, "ಏನ್ ನೋಡಬೇಕ್ರಿ ನಿಮಗ?" ಓದು ಬಾರದ ಹೆಣ್ಣುಮಕ್ಕಳ ಕೈಗೆ ಸೂಜಿ-ದಾರ ಕೊಡುತ್ತಿದ್ದರು. ಇಲ್ಲವೇ ತಾಟಿನಲ್ಲಿ ಒಂದು ಹಿಡಿ ಹೆಸರುಕಾಳು ಹಾಕಿ, "ಹಸನ ಮಾಡ ನೋಡೂಣು, ಯವ್ವಾ" ಎನ್ನುತ್ತಿದ್ದರು. ಹಳ್ಳು ಕೈಗೆ ಸಿಕ್ಕರೆ ನಂಬರು ಸರಿ. ಬದುವಿನ ಮೇಲೆ ಓಡಾಡುವ ರೈತರಿಗೆ ಎರಡು ನಂಬರಿನ ಗಾಜು ಬೇಡವೆಂದು ತಾವೇ ಹೇಳುತ್ತಿದ್ದರು. ಕೆಳಗಿನ ಗಾಜು ಓದುವುದಕ್ಕೆ. ಅದರಲ್ಲಿ ಕಾಲಡಿಯ ನೆಲ ಮಸುಕು.

ನಮ್ಮ ಓಣಿಯ ಚಾಚಿ ಜಮಖಾನ ನೇಯುವವರು. ನವಲಗುಂದದಲ್ಲಿ ಅದು ಹೆಂಗಸರ ಕೈಗೆಲಸ. ಗೋಡೆಯ ಹಾಗೆ ಎದ್ದು ನಿಂತ ಮಗ್ಗದೆದುರು ಕೂತು ನವಿಲು, ಪಗಡೆ ಹಾಸು ಮೂಡಿಸುತ್ತಾರೆ. ಐವತ್ತರ ಸುಮಾರಿಗೆ ಚಾಚಿಗೆ ಎಳೆಗಳು ಬೆರೆತು ಕಾಣತೊಡಗಿದವು. ಅಜ್ಜಾರು ಒಂದು ಸಂಜೆ ಅಂಗಡಿ ಮುಚ್ಚಿ ಅವರ ಮನೆಗೇ ಬಂದು, ಕಣ್ಣಿನಿಂದ ಮಗ್ಗಕ್ಕೆ ಮೊಳ ಹಾಕಿದರು. "ಪುಸ್ತಕ ಒಂದ ಮೊಳದಾಗ ಓದತಾರ ತಂಗಿ. ನಿಂದು ಒಂದೂವರಿ ಮೊಳ ಐತಿ. ಓದೂ ನಂಬರ ಕೊಟ್ರ ದಿನಾ ಬಗ್ಗಿ ಬಗ್ಗಿ ನೇಯಬೇಕಾಗತೈತಿ" ಎಂದು ಪ್ಲಸ್ ಎರಡರ ಬದಲು ಪ್ಲಸ್ ಒಂದೂಕಾಲು ಹಾಕಿಕೊಟ್ಟರು. ಫ್ರೇಮನ್ನು ಕಾದ ಉಸುಕಿನಲ್ಲಿಟ್ಟು ಮೆತ್ತಗೆ ಮಾಡಿ, ಗಾಜು ಕೂಡಿಸಿ, ಕಡ್ಡಿಯನ್ನು ಕಿವಿಯ ಹಿಂದೆ ಬೆರಳಾಡಿಸಿ ಬಾಗಿಸಿದ್ದನ್ನು ನಾನು ನೋಡಿದ್ದೇನೆ.

ಡಾ. ಎಂ. ಸಿ. ಮೋದಿಯವರ ಕಣ್ಣಿನ ಕ್ಯಾಂಪುಗಳ ಕಾಲವನ್ನೂ ಅವರು ಕಂಡಿದ್ದರು. ಪೊರೆ ತೆಗೆದ ಕಣ್ಣಿನೊಳಗೆ ಮಸೂರ ಕೂಡಿಸುವ ಪದ್ಧತಿ ಆಗ ಇಲ್ಲಿಗೆ ಬಂದಿರಲಿಲ್ಲ. ಪ್ಲಸ್ ಹತ್ತರ ಆಸುಪಾಸಿನ ದಪ್ಪ ಗಾಜೇ ಗತಿ. ಅದರಲ್ಲಿ ಎಲ್ಲವೂ ಕಾಲು ಪಾಲು ದೊಡ್ಡದಾಗಿ, ಹತ್ತಿರದಲ್ಲಿದ್ದಂತೆ ಕಾಣುವುದರಿಂದ ತಂಬಿಗೆಗೆ ಚಾಚಿದ ಕೈ ನಡುವೆಯೇ ನಿಂತುಬಿಡುತ್ತಿತ್ತು. ಅಂಥ ಮುದುಕರನ್ನು ಅಜ್ಜಾರು ಅಂಗಡಿಯಲ್ಲಿ ಕೂಡಿಸಿಕೊಂಡು, ತಂಬಿಗೆ ಹಿಡಿಯುವುದನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಅದಕ್ಕೆ ದುಡ್ಡು ತೆಗೆದುಕೊಂಡವರಲ್ಲ.

ಅವರ ವಹಿಯಲ್ಲಿ ನಂಬರಿನ ಪಕ್ಕ ಊರೂ ಕಸುಬೂ ಇರುತ್ತಿದ್ದವು: ಮೊರಬದ ಬಡಿಗ, ಅಳಗವಾಡಿಯ ದರ್ಜಿ, ಯಮನೂರಿನ ಕುರಿ ಕಾಯುವವ. ಅಜ್ಜಾರು ತೀರಿಕೊಂಡ ಮೇಲೆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಶುರುವಾಯಿತು, ವಹಿಗಳು ರದ್ದಿಗೆ ಹೋದವು. ಒಂದು ತಾಲೂಕಿನ ಕಣ್ಣು ಏನೇನು ನೋಡಿ ದಣಿದಿತ್ತೆಂಬ ಲೆಕ್ಕ ಅವುಗಳಲ್ಲಿತ್ತು. ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಚಾಚಿಗೆ ಈಗ ಎಪ್ಪತ್ತರ ಹತ್ತಿರ. ಮೊನ್ನೆ ಮಗ ಹುಬ್ಬಳ್ಳಿಗೆ ಕರೆದೊಯ್ದು ಹೊಸ ಚಾಳೀಸು ಕೊಡಿಸಿದ. ಯಂತ್ರ ತೋರಿಸಿದ ನಂಬರು, ಹಗುರ ಗಾಜು. ಫೋನಿನ ಅಕ್ಷರ ನಿಚ್ಚಳವಾಗಿ ಕಾಣುತ್ತದೆ. ಮಗ್ಗದೆದುರು ಮಾತ್ರ ಮುಂದಕ್ಕೆ ಬಾಗಿ ಕೂತಿದ್ದರು.

"ಬೆನ್ನ ಹಿಡದೈತಪ್ಪಾ, ವಯಸ್ಸಾತು."

"ವಯಸ್ಸಲ್ಲ ಚಾಚಿ, ನಂಬರು" ಎಂದೆ. ಟೇಪು ತರಿಸಿ ಕಣ್ಣಿನಿಂದ ಮಗ್ಗದ ಅಂತರ ಅಳೆದೆ. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ತೋರಿಸಲೆಂದು ಚೀಟಿಯಲ್ಲಿ ಬರೆದು ಮಗನ ಕೈಗೆ ಕೊಟ್ಟಿದ್ದೇನೆ: ಜಮಖಾನ ನೇಯುವವರು, 67 ಸೆಂಟಿಮೀಟರ್.