ಎಂಜಿನ್ನಿನ ನಾಡಿ ನೋಡಲು ಮಲ್ಪೆಗೆ

ಜುಲೈಯಲ್ಲಿ ಮಲ್ಪೆ ಬಂದರಿಗೆ ಹೋದರೆ ನೀರಿಗಿಂತ ಬೋಟುಗಳೇ ಹೆಚ್ಚು ಕಾಣುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಮುನಿದಿರುತ್ತದೆ. ಒಂದಕ್ಕೊಂದು ತಾಗಿ ನಿಂತ ಬೋಟುಗಳ ನಡುವೆ ಬಲೆ ಹೆಣೆಯುವವರು, ಬಣ್ಣ ಬಳಿಯುವವರು, ಹಲಗೆಯ ಸಂದಿಗೆ ಹತ್ತಿ ತುಂಬುವವರು. ಹಳೆ ಬೋಟುಗಳ ಮಾರಾಟದ ಮಾತೂ ಆಗಲೇ ನಡೆಯುತ್ತದೆ.

ನಾವು ಹೋದದ್ದೂ ಅದಕ್ಕೇ. ತಂಗಿಯ ಮಗ ಹದಿನಾಲ್ಕು ವರ್ಷ ಬೇರೆಯವರ ಬೋಟಿನಲ್ಲಿ ದುಡಿದು ತಾಂಡೇಲ, ಅಂದರೆ ಬೋಟಿನ ನಾಯಕ, ಆದವನು. ಈಗ ಸ್ವಂತಕ್ಕೊಂದು ಹಳೆ ಬೋಟು ಬೇಕೆಂಬ ಆಸೆ. ಸ್ವಲ್ಪ ಬ್ಯಾಂಕಿನ ಸಾಲ, ಉಳಿದದ್ದಕ್ಕೆ ತಂಗಿಯ ಬಳೆಗಳು. ಹಲಗೆ ಹಾಳಾದರೆ ಬದಲಿಸಬಹುದು. ಎಂಜಿನ್ ಕೈಕೊಟ್ಟರೆ ಆ ವರ್ಷದ ದುಡಿಮೆಯೇ ಹೋಯಿತು. ನಡುಗಡಲಲ್ಲಿ ಕೈಕೊಟ್ಟರಂತೂ ಇನ್ನೊಂದು ಬೋಟು ಬಂದು ಎಳೆಯುವವರೆಗೆ ಜೀವ ಕೈಯಲ್ಲಿ. ಏಳನೇ ತರಗತಿಯ ಮೊಮ್ಮಗಳೂ ಜೊತೆಗೆ ಹೊರಟಳು. ಅಂದು ಶಾಲೆಗೆ ಮಳೆ ರಜೆ. ಎಂದಿನಂತೆ, ರಜೆ ಕೊಟ್ಟ ದಿನ ಮಳೆಯಿರಲಿಲ್ಲ.

ನಮ್ಮ ಜೊತೆಗಿದ್ದ ಎಂಜಿನ್ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಕೈಯಲ್ಲಿ ಒಂದು ಟಾರ್ಚು, ಹೆಗಲಲ್ಲಿ ಒಂದು ಬಿಳಿ ಬಟ್ಟೆ, ಅಷ್ಟೇ.

ಮೊದಲ ಬೋಟು ಮದುವಣಗಿತ್ತಿಯಂತಿತ್ತು. ಎಂಜಿನ್ನಿಗೂ ಹೊಸ ಹಸಿರು ಬಣ್ಣ. ಮೇಸ್ತ್ರಿ ಕೆಳಗಿಳಿದವರು ಏನನ್ನೂ ಕೇಳದೆ ಎಂಜಿನ್ನಿನ ಮೇಲೆ ಅಂಗೈ ಇಟ್ಟರು. "ಬೆಚ್ಚಗುಂಟಲ್ಲ ಮಾರಾಯ್ರೆ, ಬೆಳಿಗ್ಗೆಯೇ ಓಡಿಸಿದಿರಾ?" ಮಾಲೀಕರು ಬೇರೆ ಕಡೆ ನೋಡಿದರು.

ಬೆಚ್ಚಗಿದ್ದರೆ ಏನಾಯಿತು ಎಂದು ಮೊಮ್ಮಗಳಿಗೆ ಸಂಶಯ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಸ್ಕೂಟರಿನ ಹಾಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ ಪಂಪ್ ಒತ್ತುವಾಗ ಅದರ ತಳ ಬಿಸಿಯಾಗುವುದಿಲ್ಲವೇ? ಹಾಗೆಯೇ ಇಲ್ಲಿ ಗಾಳಿಯನ್ನು ಹದಿನೈದು-ಇಪ್ಪತ್ತು ಪಟ್ಟು ಅದುಮಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಅದಕ್ಕೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಒಳಗಿನ ರಿಂಗುಗಳು ಸವೆದಿದ್ದರೆ ಗಾಳಿ ಸೋರಿ, ತಣ್ಣಗಿರುವ ಎಂಜಿನ್ ಬೇಗ ಏಳುವುದಿಲ್ಲ. ಮೊದಲೇ ಬಿಸಿ ಮಾಡಿಟ್ಟರೆ ಆ ರೋಗ ಮುಚ್ಚಿಹೋಗುತ್ತದೆ. (ಈ ಎಂಜಿನ್ನನ್ನು 1897ರಲ್ಲಿ ಓಡಿಸಿ ತೋರಿಸಿದ ರುಡಾಲ್ಫ್ ಡೀಸೆಲ್, 1913ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದರು. ಆ ಹಡಗು ಆವಿಯಿಂದ ಓಡುವುದಾಗಿತ್ತು!)

ಆದರೂ ಎಂಜಿನ್ ಚಾಲೂ ಮಾಡಿಸಿದರು. ನೀಲಿ ಹೊಗೆ ಬಂತು. "ಇದು ಆಯಿಲ್ ಕುಡಿಯುತ್ತದೆ ಮಗಾ" ಎಂದರು ಮೇಸ್ತ್ರಿ. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ತಣ್ಣಗಿರುವಾಗ ಸ್ವಲ್ಪ ಬಿಳಿ ಹೊಗೆ ಬಂದರೆ ಪರವಾಗಿಲ್ಲ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಬಳಿಕ ಆಯಿಲ್ ತುಂಬುವ ಮುಚ್ಚಳ ತೆಗೆದರು. ಅಲ್ಲಿಂದ ಬುಸುಬುಸು ಹಬೆ. ಅವರು ಮತ್ತೆ ಮಾತಾಡಲಿಲ್ಲ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಮೇಲೆ ಬಂದರು.

ಎರಡನೆಯ ಬೋಟಿಗೆ ಬಣ್ಣವೇ ಇಲ್ಲ. ಎಂಜಿನ್ ಕೋಣೆಯಲ್ಲಿ ನಿಲ್ಲಲಾಗದಷ್ಟು ಡೀಸೆಲ್ ಮತ್ತು ಒಣಮೀನಿನ ವಾಸನೆ. ಆದರೆ ಎಂಜಿನ್ ಕಲ್ಲಿನಂತೆ ತಣ್ಣಗಿತ್ತು. ಅಳತೆ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಕಪ್ಪು. ಮೊಮ್ಮಗಳು ಮುಖ ಹಿಂಡಿದಳು. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗುವುದು ಸಹಜವಂತೆ. ಹೆದರಬೇಕಾದದ್ದು ಅದು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದಾಗ, ಅಂದರೆ ನೀರು ಬೆರೆತಾಗ.

ಕಡಲ ಎಂಜಿನ್ನಿಗೆ ದೊಡ್ಡ ಶತ್ರು ಉಪ್ಪು. ತಂಪಿಗಾಗಿ ಪಂಪು ಕಡಲ ನೀರನ್ನೇ ಎಳೆದು ಸುತ್ತಿಸಿ ಹೊರಗೆ ಬಿಡುತ್ತದೆ. ಹಾಗಾಗಿ ಮೇಸ್ತ್ರಿ ಪೈಪಿನ ಕೂಡುಗಳಲ್ಲೆಲ್ಲ ಟಾರ್ಚು ಹಾಕಿ ಉಪ್ಪಿನ ಬಿಳಿ ಗೆರೆ ಹುಡುಕಿದರು. ನೀರು ಆರಿದರೂ ಸೋರಿದ ಜಾಗವನ್ನು ಉಪ್ಪು ಹೇಳಿಬಿಡುತ್ತದೆ. ಒಳಗಿಂದ ಸತುವಿನ ತುಂಡೊಂದನ್ನು ಬಿಚ್ಚಿ ತೋರಿಸಿದರು, ಇಲಿ ಕಡಿದ ಸಾಬೂನಿನಂತಿತ್ತು. ಉಳಿದ ಲೋಹದ ಬದಲು ಉಪ್ಪುನೀರು ಅದನ್ನು ತಿನ್ನಲಿ ಎಂದೇ ಇಡುವುದು. "ಪಾಪ, ಅದು ಯಾಕೆ ಸಾಯ್ಬೇಕು?" ಎಂದಳು ಮೊಮ್ಮಗಳು. ಮೇಸ್ತ್ರಿ ನಕ್ಕು ಆ ತುಂಡನ್ನು ಅವಳ ಅಂಗೈಯಲ್ಲಿಟ್ಟರು.

ಎಂಜಿನ್ ಎರಡನೇ ಪ್ರಯತ್ನಕ್ಕೆ ಎದ್ದಿತು. ಮೊದಲು ಬಿಳಿ ಹೊಗೆ, ಐದು ನಿಮಿಷಕ್ಕೆ ಹೊಗೆ ತೆಳುವಾಯಿತು. ಸುಮ್ಮನೆ ಓಡಿದರೆ ಸಾಲದು ಎಂದು ಬೋಟನ್ನು ದಕ್ಕೆಗೆ ಗಟ್ಟಿಯಾಗಿ ಕಟ್ಟಿ, ಗೇರ್ ಹಾಕಿ, ಒಂದು ಗಂಟೆ ದುಡಿಸಿದರು. ಹಗ್ಗ ಬಿಗಿದು ಕಿರುಗುಟ್ಟಿತು, ಬಿಸಿಯ ಮುಳ್ಳು ಕದಲಲಿಲ್ಲ. ಪಂಪಿನ ರಬ್ಬರ್ ಚಕ್ರ ಹಳತು, ಒಂದು ಹೋಸ್ ಬಿರುಕು, ಎಂಜಿನ್ ಕೂತ ಬೋಲ್ಟೊಂದು ಸಡಿಲ. ಅವನ್ನೆಲ್ಲ ಎಣಿಸಿ ತೋರಿಸಿ ಬೆಲೆ ಇಳಿಸುವ ಕೆಲಸ ತಂಗಿಯ ಮಗನದ್ದು. ಅದರಲ್ಲಿ ಅವನು ಅಮ್ಮನಿಗಿಂತ ಕಡಿಮೆಯಿಲ್ಲ.

"ಸಮುದ್ರದಲ್ಲಿ ಓಡಿಸಿ ನೋಡದೆ ಪೂರ್ತಿ ದುಡ್ಡು ಕೊಡಬೇಡ" ಎಂದರು ಮೇಸ್ತ್ರಿ. ಅಲೆಗೆ ಎದುರಾಗಿ ಪೂರ್ತಿ ವೇಗದಲ್ಲಿ ಹೋಗುವಾಗಲೇ ಎಂಜಿನ್ನಿನ ನಿಜ ಬಲ ತಿಳಿಯುವುದಂತೆ. ಸಣ್ಣ ಮುಂಗಡ ಕೊಟ್ಟು ಚೀಟಿ ಬರೆಸಿಕೊಂಡೆವು. ಉಳಿದದ್ದು ನಿಷೇಧ ಮುಗಿದು, ಕಡಲಿಗೆ ಇಳಿಸಿ ನೋಡಿದ ಮೇಲೆ. ಅಲ್ಲಿಯವರೆಗೆ ಬಳೆಗಳು ತಂಗಿಯ ಕೈಯಲ್ಲೇ ಇರುತ್ತವೆ.