ಬಿಗಿಯುವುದಕ್ಕೂ ಬಾಗುವುದಕ್ಕೂ ನಡುವೆ

ಗಟ್ಟಿಯಾದುದೆಲ್ಲ ಬಲವಾದುದು ಎಂದು ನಾವು ಬಹುಬೇಗ ನಂಬಿಬಿಡುತ್ತೇವೆ. ಗೋಡೆಯಾಗಲಿ, ಶಿಸ್ತಾಗಲಿ, ಮಾತಾಗಲಿ, ಬಿಗಿಯಾಗಿದ್ದಷ್ಟೂ ನಮಗೆ ಭರವಸೆ ಹೆಚ್ಚು. ಈ ನಂಬಿಕೆಯನ್ನು ದಿನನಿತ್ಯ ಪರೀಕ್ಷೆಗೊಡ್ಡುವ ವಸ್ತುವೊಂದು ಕಾರಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿರುತ್ತದೆ. ಅದೇ ಸಸ್ಪೆನ್ಷನ್.

ಅದರಲ್ಲಿ ಎರಡು ಮುಖ್ಯ ಅಂಗಗಳಿವೆ. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಹಳ್ಳದಿಣ್ಣೆಗಳ ಹೊಡೆತವನ್ನು ನುಂಗುತ್ತದೆ. ಆದರೆ ನುಂಗಿದ್ದನ್ನು ಅದು ಮರಳಿ ಉಗುಳಲೇಬೇಕು. ಹಾಗೆ ಉಗುಳುವಾಗ ಕಾರು ಮತ್ತೆ ಮತ್ತೆ ಪುಟಿಯದಂತೆ ತಡೆಯುವುದು ಷಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ಹಾಯುವಾಗ ಚಲನೆಯ ಶಕ್ತಿ ಶಾಖವಾಗಿ ಕರಗುತ್ತದೆ. ಸಾಮಾನ್ಯ ಕಾರುಗಳಲ್ಲಿ ಇದರ ಬಿಗಿತವನ್ನು ಕಾರ್ಖಾನೆಯಲ್ಲಿಯೇ ಒಮ್ಮೆ ನಿರ್ಧರಿಸಿಬಿಡುತ್ತಾರೆ. ಮೃದುವಾಗಿಟ್ಟರೆ ಪ್ರಯಾಣ ಸುಖಕರ, ಆದರೆ ತಿರುವಿನಲ್ಲಿ ಕಾರು ವಾಲುತ್ತದೆ. ಬಿಗಿಯಾಗಿಟ್ಟರೆ ವಾಲುವುದಿಲ್ಲ, ಆದರೆ ಒಳಗಿದ್ದವರ ಎಲುಬು ಬಲ್ಲದು ಅದರ ಕಥೆ.

ಈ ಇಕ್ಕಟ್ಟಿನಿಂದ ಹೊರಬರಲು ಹೊಂದಿಕೊಳ್ಳುವ ಸಸ್ಪೆನ್ಷನ್ ಹುಟ್ಟಿತು. 1974ರಲ್ಲಿ ಡೀನ್ ಕಾರ್ನಾಪ್ ಮತ್ತು ಅವರ ಸಂಗಡಿಗರು ಒಂದು ಸೊಗಸಾದ ಕಲ್ಪನೆಯನ್ನು ಮುಂದಿಟ್ಟರು: ಕಾರಿನ ಒಡಲನ್ನು ಆಕಾಶಕ್ಕೆ ಸಿಕ್ಕಿಸಿದ್ದರೆ ಹೇಗಿರುತ್ತಿತ್ತು? ಕೆಳಗೆ ಚಕ್ರಗಳು ಏರಿಳಿಯುತ್ತಿದ್ದರೂ ಮೇಲೆ ಕುಳಿತವನು ನಿಶ್ಚಲನಾಗಿರುತ್ತಿದ್ದ. ಆ ತತ್ವಕ್ಕೆ ಸ್ಕೈಹುಕ್, ಅಂದರೆ ಆಕಾಶದ ಕೊಕ್ಕೆ, ಎಂಬ ಹೆಸರೇ ನಿಂತಿತು. ಆಕಾಶದಲ್ಲಿ ಕೊಕ್ಕೆ ನೆಡಲಾಗದು. ಆದರೆ ಷಾಕ್ ಅಬ್ಸಾರ್ಬರ್ ಕ್ಷಣಕ್ಷಣಕ್ಕೂ ತನ್ನ ಬಿಗಿತವನ್ನು ಬದಲಿಸಬಲ್ಲದಾದರೆ ಆ ಸ್ಥಿತಿಗೆ ಸಮೀಪವಾಗಬಹುದು. 2002ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಬಂದ ವ್ಯವಸ್ಥೆಯಲ್ಲಿ ಎಣ್ಣೆಯೊಳಗೆ ಕಬ್ಬಿಣದ ಸೂಕ್ಷ್ಮ ಕಣಗಳಿದ್ದವು. ವಿದ್ಯುತ್ ಹರಿದಾಗ ಕಾಂತಬಲಕ್ಕೆ ಸಿಕ್ಕಿ ಆ ಕಣಗಳು ಸಾಲುಗಟ್ಟುತ್ತವೆ, ಎಣ್ಣೆ ಗಟ್ಟಿಯಾದಂತೆ ವರ್ತಿಸುತ್ತದೆ. ವಿದ್ಯುತ್ ನಿಂತೊಡನೆ ಮತ್ತೆ ನೀರಾಗಿ ಹರಿಯುತ್ತದೆ. 2004ರಲ್ಲಿ ಪೋರ್ಷೆ 911 ಕಾರಿಗೆ ಬಂದ ವ್ಯವಸ್ಥೆ ಎಣ್ಣೆಯ ದಾರಿಯನ್ನೇ ವಿದ್ಯುತ್ ಕವಾಟದಿಂದ ಹಿಗ್ಗಿಸಿ ಕುಗ್ಗಿಸುತ್ತದೆ. ಬಿಗಿಯಬೇಕಾದಾಗ ಬಿಗಿಯುವುದು, ಬಾಗಬೇಕಾದಾಗ ಬಾಗುವುದು: ಎರಡರ ಗುರಿಯೂ ಇದೇ.

ಯಂತ್ರಶಾಸ್ತ್ರದ ಈ ಪಾಠಗಳು ನನಗೆ ದೊರೆತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ರಜೆಯ ಮೇಲಿದ್ದ ಗುರುವೊಬ್ಬರ ಬದಲಿಗೆ ನಾನು ಜರ್ಮನಿಯ ಐಫೆಲ್ ಬೆಟ್ಟಸೀಮೆಯಲ್ಲಿ ಆರು ವಾರ ಸೇವೆಯಲ್ಲಿದ್ದೆ. ಸುಪ್ರಸಿದ್ಧವಾದ ನ್ಯೂರ್ಬುರ್ಗ್‌ರಿಂಗ್ ಓಟದ ಪಥ ಇರುವುದು ಅಲ್ಲಿಯೇ. 1927ರಲ್ಲಿ ತೆರೆದ ಆ ಪಥದ ಉತ್ತರ ಸುತ್ತು ಇಂದಿಗೂ ಸುಮಾರು 20.8 ಕಿಲೋಮೀಟರ್ ಉದ್ದವಾಗಿ ಕಾಡಿನ ನಡುವೆ ಏರಿಳಿಯುತ್ತದೆ. ಸ್ಪರ್ಧೆ, ಪರೀಕ್ಷೆಗಳಿಲ್ಲದ ದಿನಗಳಲ್ಲಿ ಹಣ ತೆತ್ತು ಯಾರೂ ತಮ್ಮ ಸ್ವಂತ ಕಾರನ್ನು ಅಲ್ಲಿ ಓಡಿಸಬಹುದು.

ನಮ್ಮ ಧರ್ಮಕೇಂದ್ರದ ತರುಣನೊಬ್ಬ ಹಲವು ವರ್ಷ ದುಡಿದು ಕೂಡಿಸಿದ ಹಣದಲ್ಲಿ ಹೊಂದಿಕೊಳ್ಳುವ ಸಸ್ಪೆನ್ಷನ್ ಇದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಮನೆಯಲ್ಲಿದ್ದುದು ಅವನೂ ಅವನ ತಾಯಿಯೂ ಇಬ್ಬರೇ. ಇದ್ದ ಕಾರೂ ಅದೊಂದೇ. ತಾಯಿಗೆ ಮೂಳೆಸವೆತದಿಂದ ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ವಾರಕ್ಕೊಮ್ಮೆ ಪೇಟೆಯ ಆಸ್ಪತ್ರೆಗೆ ಹೋಗಿಬರಬೇಕು. ಆ ತಗ್ಗಾದ ಆಸನದಲ್ಲಿ ಕೂರಲು ಆಕೆಗೆ ಇಬ್ಬರ ಆಸರೆ ಬೇಕಾಗುತ್ತಿತ್ತು. ಎಷ್ಟೋ ಸಲ ಆ ಇಬ್ಬರಲ್ಲಿ ನಾನೊಬ್ಬನಾಗಿದ್ದೆ.

ಕಾರಿನ ಷಾಕ್ ಅಬ್ಸಾರ್ಬರುಗಳು ಸವೆದಿದ್ದವು. ಹೇಗೂ ಬದಲಿಸಬೇಕು, ಹಾಗಾದರೆ ಓಟದ ಪಥಕ್ಕೆ ತಕ್ಕುದನ್ನೇ ಹಾಕಿಸೋಣವೆಂಬುದು ಮಗನ ಹಂಬಲ. ಅವನನ್ನು ಕೇಳಿದರೆ ತಾಯಿಯೂ ಅದನ್ನೇ ಹೇಳುತ್ತಿದ್ದರಂತೆ: "ನನಗೋಸ್ಕರ ನಿನ್ನ ಸಂತೋಷವನ್ನು ಬಿಡಬೇಡ."

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಇದ್ದ ದಾರಿಗಳನ್ನೆಲ್ಲ ಬಿಡಿಸಿ ಹೇಳಿದರು. ಗಿಡ್ಡನೆಯ ಸ್ಪ್ರಿಂಗುಗಳನ್ನಷ್ಟೇ ಹಾಕಿ ಕಾರನ್ನು ತಗ್ಗಿಸುವುದು ಅಗ್ಗದ ದಾರಿ. ಆದರೆ ಸ್ಪ್ರಿಂಗಿನ ಗಡಸುತನ ಎರಡರಷ್ಟಾದರೆ ಅದನ್ನು ಮೊದಲಿನಂತೆಯೇ ಹತೋಟಿಯಲ್ಲಿಡಲು ಷಾಕ್ ಅಬ್ಸಾರ್ಬರಿನ ತಡೆಯೂ ಸುಮಾರು 1.4 ಪಟ್ಟು ಹೆಚ್ಚಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಜೋಡಿ ಕೆಡುತ್ತದೆ. ಎರಡನೆಯದು, ಕಾರ್ಖಾನೆಯ ವ್ಯವಸ್ಥೆಯನ್ನು ಪೂರ್ತಿ ಕಿತ್ತು ಓಟದ ಕಾರಿನಂಥ ಬಿಗಿಯಾದ ಜೋಡಣೆಯನ್ನು ಕೂರಿಸುವುದು. ಆಗ ಎಚ್ಚರಿಕೆಯ ದೀಪ ಹೊತ್ತಿಕೊಳ್ಳದಂತೆ ಕಾರಿನ ಗಣಕವನ್ನು ನಂಬಿಸುವ ಪುಟ್ಟ ಸಾಧನವೂ ಬೇಕು. ಇಲ್ಲದುದನ್ನು ಇದೆಯೆಂದು ಹೇಳುವುದೇ ಅದರ ಕೆಲಸ! ಮೂರನೆಯದು, ಬಿಲ್‌ಸ್ಟೈನ್ ಸಂಸ್ಥೆಯ ಡ್ಯಾಂಪ್ಟ್ರಾನಿಕ್, ಕೆಡಬ್ಲ್ಯೂ ಸಂಸ್ಥೆಯ ಡಿಡಿಸಿ ಮುಂತಾದ ಜೋಡಣೆಗಳು. ಇವುಗಳಲ್ಲಿ ಎತ್ತರವನ್ನು ತಿರುಗಿಸಿ ಹೊಂದಿಸಬಹುದು. ಆದರೆ ಕಾರಿನ ಮೂಲ ವಿದ್ಯುತ್ ತಂತಿಗಳಿಗೇ ಸೇರಿಕೊಂಡು ಬಿಗಿತವನ್ನು ಬದಲಿಸುವ ಗುಣವನ್ನು ಇವು ಉಳಿಸಿಕೊಳ್ಳುತ್ತವೆ. ಯಾವುದನ್ನೇ ಹಾಕಿದರೂ ಅದಕ್ಕೆ ಮಾನ್ಯವಾದ ಪತ್ರವಿರಬೇಕು, ಅಗತ್ಯವಿದ್ದಲ್ಲಿ ತಪಾಸಕರು ನೋಡಿ ಒಪ್ಪಬೇಕು. ಇಲ್ಲವಾದರೆ ಜರ್ಮನಿಯಲ್ಲಿ ಆ ಕಾರು ರಸ್ತೆಗಿಳಿಯುವ ಅನುಮತಿಯನ್ನೇ ಕಳೆದುಕೊಳ್ಳಬಹುದು.

ತರುಣನ ಮನಸ್ಸು ಎರಡನೆಯದರ ಮೇಲಿತ್ತು. ಮೆಕ್ಯಾನಿಕ್ ವಾದಕ್ಕಿಳಿಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: "ಈ ಕಾರಿನಲ್ಲಿ ಯಾರು ಯಾರು ಕೂರುತ್ತಾರೆ?" ಆಮೇಲೆ ಅಂಥದೇ ಬಿಗಿ ಜೋಡಣೆಯಿದ್ದ ತಮ್ಮ ಕಾರಿನಲ್ಲಿ ಅವನನ್ನು ಚಾಲಕನ ಪಕ್ಕದಲ್ಲಿ ಕೂರಿಸಿ, ಆಸ್ಪತ್ರೆಯ ದಾರಿಯಲ್ಲಿಯೇ ಹೋಗಿಬಂದರು. ಸ್ಟಿಯರಿಂಗ್ ಹಿಡಿದವನಿಗೆ ಮುಂಬರುವ ಕುಲುಕು ಮೊದಲೇ ತಿಳಿದಿರುತ್ತದೆ, ಅವನ ಮೈ ತಾನಾಗಿ ಸಿದ್ಧವಾಗುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಆ ಸಿದ್ಧತೆ ಅಷ್ಟಾಗಿ ಇರುವುದಿಲ್ಲ. ಮರಳಿ ಬಂದ ತರುಣ ಬಹಳ ಹೊತ್ತು ಮಾತನಾಡಲಿಲ್ಲವೆಂದು ಮೆಕ್ಯಾನಿಕ್ ನನಗೆ ತಿಳಿಸಿದರು.

ಅವರೇ ಇನ್ನೊಂದು ಮಾತನ್ನೂ ಸೇರಿಸಿದರು. ಆ ಓಟದ ಪಥದಲ್ಲಿ ಕೂಡ ಅತಿಯಾದ ಬಿಗಿತ ಗೆಲುವಿನ ದಾರಿಯಲ್ಲ. ಅಲ್ಲಿನ ಕರುಸೆಲ್ ಎಂಬ ತಿರುವಿನಲ್ಲಿ ಒರಟಾದ ಕಾಂಕ್ರೀಟ್ ಹಾಸಿದೆ. ಅಂಥ ಕಡೆ ಬಾಗಲೊಲ್ಲದ ಸಸ್ಪೆನ್ಷನ್ ಟೈರನ್ನು ನೆಲಕ್ಕೆ ಒತ್ತಿ ಹಿಡಿಯಲಾರದು. ಟೈರು ಜಿಗಿಜಿಗಿದು ನೆಲದ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ನೆಲದ ಉಬ್ಬುತಗ್ಗುಗಳಿಗೆ ಮಣಿಯುವ ಚಕ್ರವೇ ನೆಲವನ್ನು ಬಿಡದೆ ಹಿಡಿದಿರುತ್ತದೆ.

ಕೊನೆಗೆ ಅವನು ಆರಿಸಿಕೊಂಡದ್ದು ಮೂರನೆಯ ದಾರಿ. ಬೆಲೆ ಹೆಚ್ಚಾದುದರಿಂದ ಆ ವರ್ಷ ಪಥದ ಮೇಲಿನ ಓಟಗಳನ್ನು ಕೈಬಿಡಬೇಕಾಯಿತು. ಎತ್ತರವನ್ನು ತಾಯಿಗೆ ಹತ್ತಿಳಿಯಲು ಅನುಕೂಲವಾಗುವಷ್ಟು, ಪರವಾನಗಿ ಒಪ್ಪುವ ಮಿತಿಯೊಳಗೆ, ಮೇಲಿಟ್ಟರು. ಜೋಡಣೆ ಮುಗಿದ ವಾರ ಆಸ್ಪತ್ರೆಯಿಂದ ಮರಳುವಾಗ ಆ ತಾಯಿ ದಾರಿಯಲ್ಲಿ ನಿದ್ದೆಹೋದರಂತೆ. ನೋವಿನಿಂದ ಎಚ್ಚರವಾಗಿಯೇ ಇರುತ್ತಿದ್ದ ಜೀವ ಅದು. ಮಗ ಇದನ್ನು ನನಗೆ ಹೇಳಿದಾಗ ಅವನ ಧ್ವನಿಯಲ್ಲಿದ್ದ ಹೆಮ್ಮೆ ಯಾವ ಓಟದ ದಾಖಲೆಗೂ ಕಡಿಮೆಯದಾಗಿರಲಿಲ್ಲ.

ಕೈಯಲ್ಲಿರುವುದನ್ನು ಇನ್ನಷ್ಟು ಉತ್ತಮಪಡಿಸಬೇಕೆಂಬ ಆಸೆ ಮಾನವಸಹಜ; ಅದನ್ನು ಹಳಿಯಬೇಕಾಗಿಲ್ಲ. ಆದರೆ ಉತ್ತಮ ಎಂಬುದು ಯಾರಿಗೆ, ಯಾವ ದಾರಿಯಲ್ಲಿ ಎಂದು ಕೇಳದೆ ಆ ಮಾತಿಗೆ ಅರ್ಥ ಬಾರದು. ಬಿಗಿಯಾಗಿಸುವುದು ಸುಲಭ; ಅದಕ್ಕೆ ಒಂದು ಪಾನಾ ಸಾಕು. ಎಲ್ಲಿ ಬಿಗಿಯಬೇಕು, ಎಲ್ಲಿ ಬಾಗಬೇಕು ಎಂಬ ವಿವೇಕವನ್ನು ಉಳಿಸಿಕೊಳ್ಳುವುದೇ ಕಷ್ಟ, ಅದಕ್ಕೆ ಬೆಲೆಯೂ ಹೆಚ್ಚು. ನಮ್ಮ ವೇಗ ಎಷ್ಟೇ ಇರಲಿ, ಪಕ್ಕದ ಆಸನದಲ್ಲಿ ಯಾರೋ ಒಬ್ಬರು ನಮ್ಮನ್ನು ನಂಬಿ ಕುಳಿತಿರುತ್ತಾರೆ.